ಲೆಕ್ಕ ಕಲಿಸಿದ ಪೂರ್ವಿಕರು

ಗಣಿತವು ಪಂಡಿತರಿಗಷ್ಟೇ ಮೀಸಲಾದ ಕಠಿನ ಶಾಸ್ತ್ರವೆಂಬ ಭಯವು ಇಂದು ಎಷ್ಟೇ ವ್ಯಾಪಕವಾಗಿದ್ದರೂ, ಕನ್ನಡ ನಾಡಿನ ಪ್ರಾಚೀನ ಆಚಾರ್ಯರು ಅದನ್ನು ನಿತ್ಯಜೀವನದ ಕೊಡುಕೊಳ್ಳುವಿಕೆಯ ನಡುವೆಯೇ ಕಂಡವರು. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು, ಲೌಕಿಕ ವೈದಿಕ ವ್ಯಾಪಾರಗಳೆಲ್ಲಕ್ಕೂ ಸಂಖ್ಯೆಯ ಉಪಯೋಗವುಂಟೆಂದು ಸಾರಿ, ಸಾಲದ ಬಡ್ಡಿಯನ್ನೂ, ಬೇರೆ ಬೇರೆ ಶುದ್ಧತೆಯ ಚಿನ್ನವನ್ನು ಬೆರೆಸುವ ಲೆಕ್ಕವನ್ನೂ, ಪಾಲುಗಾರರಿಗೆ ಸಲ್ಲುವ ಭಾಗವನ್ನೂ, ಹಣ್ಣು, ಹೂವು, ದುಂಬಿಗಳ ರಮಣೀಯ ಸಮಸ್ಯೆಗಳೊಡನೆಯೇ ಬೋಧಿಸಿದನು.

ಆ ಗ್ರಂಥದ ಭಾಷೆ ಸಂಸ್ಕೃತ. ಅದೇ ವಿದ್ಯೆಯನ್ನು ತಾಯ್ನುಡಿಯಲ್ಲಿ ಜನರ ಬಳಿಗೆ ತಂದ ಕೀರ್ತಿ, ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳನ್ನು ರಚಿಸಿದ 12ನೆಯ ಶತಮಾನದ ರಾಜಾದಿತ್ಯನಿಗೆ ಸಲ್ಲತಕ್ಕದ್ದು.

ಮುಂದೆ ಹಳೆಯ ಕಾಲದ ಊರ ಪಾಠಶಾಲೆಗಳಾದ ಕೂಲಿಮಠಗಳಲ್ಲಿ ಮರಳಿನ ಮೇಲೆ ಅಂಕಿ ತಿದ್ದಿದ ಮಕ್ಕಳು ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ರಾಗವಾಗಿ ಒಪ್ಪಿಸುತ್ತಿದ್ದರು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಣಿಸುತ್ತಿದ್ದ ಕಾಲದಲ್ಲಿ ಭಿನ್ನರಾಶಿಯನ್ನರಿಯದವನಿಗೆ ಸಂತೆಯ ವ್ಯವಹಾರವೇ ದುಸ್ತರವಾಗಿದ್ದಿತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದ ಮೇಲೆ ಆ ಮಗ್ಗಿಗಳ ಅಗತ್ಯ ಕುಗ್ಗಿತು. ಆದರೆ ಹಣದ ಲೆಕ್ಕದಿಂದ ತೊಡಗಿ ಶಾಸ್ತ್ರದೆಡೆಗೆ ಮಗುವನ್ನು ಸಂತೋಷದಿಂದ ಕರೆದೊಯ್ಯುವ ಆ ಕ್ರಮವನ್ನು ನಮ್ಮ ಶಾಲೆಗಳು ಕೈಬಿಡಬಾರದು.