ಹಿಂಗಾಲಿ ಡಿಸ್ಕ್ ಬ್ರೇಕ್ ಪರಿವರ್ತನೆ

ಸಣ್ಣ ಕಾರಿನ ಹಿಂದಿನ ಗಾಲಿಗಳ ಡ್ರಮ್ ಬ್ರೇಕ್ ಕಳಚಿ ಡಿಸ್ಕ್ ಬ್ರೇಕ್ ಜೋಡಿಸುವ ಮಾರ್ಪಾಡು. ಬಿಡದಿಯಲ್ಲಿ ತಯಾರಾಗಿ 2010ರಲ್ಲಿ ಮಾರುಕಟ್ಟೆಗೆ ಬಂದ ಟೊಯೊಟಾ ಇಟಿಯೋಸ್‌ನಂತೆ ಭಾರತದ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುತ್ತದೆ. ಡ್ರಮ್‌ನ ಒಳಮೈಗೆ ಶೂಗಳು ಒತ್ತಿಕೊಳ್ಳುತ್ತವೆ. ಡಿಸ್ಕನ್ನು ಕ್ಯಾಲಿಪರ್‌ನ ಪ್ಯಾಡ್‌ಗಳು ಎರಡೂ ಬದಿಯಿಂದ ಹಿಡಿಯುತ್ತವೆ, ಶಾಖ ಬೇಗ ಆರುತ್ತದೆ. ಶೂ, ವೀಲ್ ಸಿಲಿಂಡರ್, ಬ್ಯಾಕ್ ಪ್ಲೇಟ್ ತೆಗೆದು, ಬ್ರಾಕೆಟ್ ಮೇಲೆ ಕ್ಯಾಲಿಪರ್ ಕೂಡಿಸಿ, ಬ್ರೇಕ್ ಆಯಿಲ್ ತುಂಬಿ ಪೈಪಿನ ಗಾಳಿ ಬಿಡಿಸಲಾಗುತ್ತದೆ. ಹ್ಯಾಂಡ್ ಬ್ರೇಕ್ ಕೇಬಲ್‌ಗೆ ಕ್ಯಾಲಿಪರ್‌ನಲ್ಲೇ ಲಿವರ್ ಬೇಕು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಒತ್ತಡದ ಹಂಚಿಕೆ: ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಸರಿಯುವುದರಿಂದ, ಹಿಂದೆ ಹಿಡಿತ ಹೆಚ್ಚಾದರೆ ಹಿಂಗಾಲಿ ಮೊದಲೇ ಕಚ್ಚಿಕೊಂಡು ಕಾರು ಅಡ್ಡ ತಿರುಗುತ್ತದೆ. ಆದರೆ ವಿಜಯಪುರ ಜಿಲ್ಲೆಯಂಥ ಎರೆಭೂಮಿಯ ಧೂಳು, ಕೆಸರಿನಲ್ಲಿ ಮುಚ್ಚಿದ ರಚನೆಯ ಡ್ರಮ್‌ಗೂ ತನ್ನದೇ ಅನುಕೂಲವುಂಟು. ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂಥ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ.