ಶಾಸಕರ ಊರಿಗೆ ಹೋದ ಪ್ರಾಧ್ಯಾಪಕ

ಶಾಸನಸಭೆಯ ಅಧ್ಯಯನವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸಭಾಭವನ, ಸಭಾಧ್ಯಕ್ಷರ ಪೀಠ ಮತ್ತು ನಡಾವಳಿಯ ದಪ್ಪ ಸಂಪುಟಗಳು. ಆದರೆ ಜನಪ್ರತಿನಿಧಿಯನ್ನು ಅರಿಯಬೇಕಾದರೆ ಅವನನ್ನು ಆರಿಸಿದ ಊರಿಗೆ ಹೋಗಬೇಕೆಂದು ತೋರಿಸಿಕೊಟ್ಟವರು ಅಮೆರಿಕದ ರಾಜ್ಯಶಾಸ್ತ್ರಜ್ಞ ರಿಚರ್ಡ್ ಫೆನ್ನೊ (1926–2020).

ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದ ಫೆನ್ನೊ 1957ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾನಿಲಯವನ್ನು ಸೇರಿ, ದೀರ್ಘಕಾಲ ಅಲ್ಲಿಯೇ ಬೋಧಿಸಿದರು. ಅವರ ಆರಂಭದ ಕೆಲಸ ರಾಜಧಾನಿಯಲ್ಲಿಯೇ ನಡೆಯಿತು. ಸರ್ಕಾರದ ವೆಚ್ಚಕ್ಕೆ ಹಣ ಮಂಜೂರು ಮಾಡುವ ಸಮಿತಿಗಳನ್ನು ಕುರಿತ ‘ದಿ ಪವರ್ ಆಫ್ ದಿ ಪರ್ಸ್’ 1966ರಲ್ಲಿ ಪ್ರಕಟವಾಯಿತು. 1973ರ ‘ಕಾಂಗ್ರೆಸ್‌ಮೆನ್ ಇನ್ ಕಮಿಟೀಸ್’ ಗ್ರಂಥದಲ್ಲಿ ಅವರು ಸದಸ್ಯರ ಮೂರು ಗುರಿಗಳನ್ನು ಗುರುತಿಸಿದರು: ಮರುಆಯ್ಕೆ, ಸದನದೊಳಗಿನ ಪ್ರಭಾವ, ಉತ್ತಮ ನೀತಿ. ಯಾವ ಗುರಿಯವರು ಹೆಚ್ಚಾಗಿ ಸೇರಿದ್ದಾರೆ ಎಂಬುದರ ಮೇಲೆ ಸಮಿತಿಯ ನಡವಳಿಕೆಯೂ ಬದಲಾಗುತ್ತಿತ್ತು.

ಅಷ್ಟರಲ್ಲಿ ಅವರನ್ನು ಒಂದು ಒಗಟು ಕಾಡತೊಡಗಿತ್ತು. ಕಾಂಗ್ರೆಸ್ ಎಂಬ ತಮ್ಮ ಶಾಸನಸಭೆಯನ್ನು ಹಳಿಯುವ ಅಮೆರಿಕನ್ನರು ತಮ್ಮ ಕ್ಷೇತ್ರದ ಸದಸ್ಯನನ್ನು ಮಾತ್ರ ಮೆಚ್ಚಿ ಮತ್ತೆ ಮತ್ತೆ ಗೆಲ್ಲಿಸುವುದೇಕೆ? ಉತ್ತರ ಹುಡುಕುತ್ತ ಫೆನ್ನೊ 1970ರ ದಶಕದಲ್ಲಿ ಪ್ರತಿನಿಧಿ ಸಭೆಯ 18 ಸದಸ್ಯರೊಂದಿಗೆ ಅವರವರ ಕ್ಷೇತ್ರಗಳಲ್ಲಿ ಸಂಚರಿಸಿದರು. ಸಿದ್ಧ ಪ್ರಶ್ನಾವಳಿಯನ್ನು ಬದಿಗಿಟ್ಟು, ಜೊತೆಯಲ್ಲಿದ್ದು ನೋಡುವುದು, ಸಮಯ ನೋಡಿ ಕೆದಕುವುದು ಅವರ ವಿಧಾನ. ಇದರ ಫಲವೇ 1978ರ ‘ಹೋಮ್ ಸ್ಟೈಲ್’. ತಮ್ಮದೇ ಸದನವನ್ನು ದೂಷಿಸುತ್ತಲೇ ಸದಸ್ಯರು ಆ ಸದನಕ್ಕೆ ಆರಿಸಿ ಬರುತ್ತಿದ್ದರೆಂಬುದು ಅಲ್ಲಿ ಕಂಡುಬಂದ ಸಂಗತಿಗಳಲ್ಲೊಂದು.

ಪ್ರತಿನಿಧಿಯ ಕಣ್ಣಿಗೆ ಕ್ಷೇತ್ರ ಕಾಣುವುದು ಒಂದರೊಳಗೊಂದು ನಾಲ್ಕು ವೃತ್ತಗಳಾಗಿ ಎಂದರು ಫೆನ್ನೊ. ಹೊರಗಿನದು ಭೂಪಟದ ಕ್ಷೇತ್ರ. ಅದರೊಳಗೆ ತನಗೆ ಮತ ಹಾಕುವರೆಂದು ಅವನು ನಂಬಿದವರು. ಇನ್ನೂ ಒಳಗೆ ಕಷ್ಟಕಾಲದಲ್ಲೂ ಕೈಬಿಡದ ಗಟ್ಟಿ ಬೆಂಬಲಿಗರು. ನಡುವೆ ಕೆಲವೇ ಆಪ್ತರು. ಕ್ಷೇತ್ರಕ್ಕೆ ಎಷ್ಟು ಸಮಯ ಕೊಡಬೇಕು, ತನ್ನನ್ನು ಹೇಗೆ ತೋರಿಸಿಕೊಳ್ಳಬೇಕು, ರಾಜಧಾನಿಯಲ್ಲಿ ಮಾಡಿದ್ದಕ್ಕೆ ಯಾವ ವಿವರಣೆ ನೀಡಬೇಕು ಎಂಬ ಮೂರನ್ನೂ ಸದಸ್ಯನು ಈ ವೃತ್ತಗಳನ್ನು ನೋಡಿಯೇ ನಿರ್ಧರಿಸುತ್ತಿದ್ದನು.

ಈ ಮೂರನೆಯದು ನಮ್ಮ ದೇಶದಲ್ಲಿ ಸೊರಗಿದೆಯೆಂದು ನಮಗೆ ಅನಿಸುತ್ತದೆ. 1985ರ 52ನೆಯ ತಿದ್ದುಪಡಿ ಪಕ್ಷಾಂತರ ನಿಷೇಧವನ್ನು ಸಂವಿಧಾನದ ಹತ್ತನೆಯ ಅನುಸೂಚಿಯಾಗಿ ಸೇರಿಸಿದ ಮೇಲೆ, ಪಕ್ಷದ ವಿಪ್ ಮೀರಿ ಮತ ಹಾಕಿದ ಸದಸ್ಯನ ಸ್ಥಾನಕ್ಕೇ ಸಂಚಕಾರ. ಹೀಗಿರುವಾಗ ‘ಆ ಮಸೂದೆಗೆ ಏಕೆ ಒಪ್ಪಿದಿರಿ?’ ಎಂಬ ಪ್ರಶ್ನೆಗೆ ‘ಪಕ್ಷದ ನಿರ್ಧಾರ’ ಎಂಬ ಒಂದೇ ಉತ್ತರ ಸಾಕು. ಉಳಿದದ್ದು ಎರಡನೆಯದು: ಮದುವೆ, ಜಾತ್ರೆ, ಸಾವಿನ ಮನೆಗಳಲ್ಲಿ ಮುಖ ತೋರಿಸುವುದು.

ಹೊರನಾಡಿನಲ್ಲಿರುವ ನಾವು ಈ ನಾಲ್ಕು ವೃತ್ತಗಳಲ್ಲಿ ಎಲ್ಲಿದ್ದೇವೆ? 1950ರ ಜನಪ್ರಾತಿನಿಧ್ಯ ಕಾಯಿದೆಯಂತೆ ಸಾಮಾನ್ಯವಾಗಿ ವಾಸಿಸುವ ಊರಿನಲ್ಲಿಯೇ ಮತದ ಹಕ್ಕು. ಮುಂಬೈ, ದೆಹಲಿ, ಹೈದರಾಬಾದುಗಳ ಪಟ್ಟಿಯಲ್ಲಿ ನಮ್ಮ ಹೆಸರು. ಫಲಿತಾಂಶದ ದಿನ ನಮ್ಮ ಕಣ್ಣು ಧಾರವಾಡ, ವಿಜಯಪುರ, ಉಡುಪಿಗಳ ಮೇಲೆ. ಊರಿನ ಶಾಸಕರಿಗೆ ನಾವು ಮತದಾರರಲ್ಲ. ಇಲ್ಲಿನ ಶಾಸಕರ ಪಾಲಿಗೆ ಬಹುಶಃ ಅತ್ಯಂತ ಹೊರಗಿನ ವೃತ್ತದವರು. ರಾಜ್ಯೋತ್ಸವದ ವೇದಿಕೆಗೆ ಅವರು ಬರುತ್ತಾರೆ, ಎರಡು ಮಾತು ಕನ್ನಡ ಆಡುತ್ತಾರೆ, ಹಾರ ಹಾಕಿಸಿಕೊಂಡು ಹೊರಡುತ್ತಾರೆ. ಅದು ತೋರಿಸಿಕೊಳ್ಳುವ ಭಾಗ. ಕನ್ನಡ ಮಾಧ್ಯಮದ ಶಾಲೆಗಳ ಬಗ್ಗೆ ಸದನದಲ್ಲಿ ಏನು ಕೇಳಿದಿರಿ ಎಂದು ವಿಚಾರಿಸಿದಾಗ ವಿವರಣೆಯ ಭಾಗ ಆರಂಭವಾಗುತ್ತದೆ.

ಫೆನ್ನೊ ಅವರ 18 ಮಂದಿ ಯಾದೃಚ್ಛಿಕವಾಗಿ ಆಯ್ದವರಲ್ಲ. ಅಂಕಿಅಂಶ ನೆಚ್ಚುವವರಿಗೆ ಇದು ಕೊರತೆಯಾಗಿ ಕಂಡೀತು. ಆದರೂ ಪ್ರತಿನಿಧಿಯು ಯಾರನ್ನು ತನ್ನವರೆಂದು ಎಣಿಸುತ್ತಾನೆ ಎಂಬುದು ಮತದಾರರ ಪಟ್ಟಿಯಿಂದಷ್ಟೇ ನಿರ್ಧಾರವಾಗದೆಂದು ಅವರು ಕಂಡರು. ಮುಂದಿನ ರಾಜ್ಯೋತ್ಸವದಲ್ಲಿ ಹಾರದ ಜೊತೆಗೆ ಒಂದು ಪ್ರಶ್ನೆಯನ್ನೂ ನಾವು ಸಿದ್ಧವಾಗಿಟ್ಟುಕೊಳ್ಳಬಹುದು.