ಗರ್ಭನಂಜಿನ ಚರಿತ್ರೆ

ಬಸಿರಿನ 20 ವಾರಗಳ ಬಳಿಕ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಮೇಲೇರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ ಇಲ್ಲವೇ ಮೂತ್ರಪಿಂಡ, ಯಕೃತ್ತು, ಮಿದುಳುಗಳಿಗೆ ತೊಂದರೆಯಾದರೆ ಅದನ್ನು ಗರ್ಭನಂಜು ಅಥವಾ ಪ್ರೀಎಕ್ಲಾಂಪ್ಸಿಯಾ ಎನ್ನುತ್ತಾರೆ. ಇದರ ಜೊತೆ ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. ಶತಮಾನಗಳ ಕಾಲ ವೈದ್ಯರ ಕಣ್ಣಿಗೆ ಬಿದ್ದದ್ದು ಈ ಫಿಟ್ಸ್ ಮಾತ್ರ. ಅದಕ್ಕೆ ಮುಂಚಿನ ವಾರಗಳಲ್ಲಿ ಏರುತ್ತಿದ್ದ ಒತ್ತಡವನ್ನು ಅಳೆಯುವ ಸಾಧನವೇ ಇರಲಿಲ್ಲ. ಚೊಚ್ಚಲು ಬಸುರಿಯರಿಗೆ ಅಪಾಯ ಹೆಚ್ಚೆಂದು 17ನೇ ಶತಮಾನದಲ್ಲೇ ಫ್ರಾನ್ಸಿನ ಮೊರಿಸೊ ಗುರುತಿಸಿದ್ದ.

1843ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಲೀವರ್, ಫಿಟ್ಸ್ ಬಂದ ಬಸುರಿಯರ ಬಾವು ಮೂತ್ರಪಿಂಡದ ರೋಗಿಗಳ ಬಾವಿನಂತೆಯೇ ಇರುವುದನ್ನು ಕಂಡು ಅವರ ಮೂತ್ರವನ್ನು ಪರೀಕ್ಷಿಸಿದ. ಬಿಸಿಮಾಡಿದಾಗ ಆಲ್ಬುಮಿನ್ ಎಂಬ ಪ್ರೋಟೀನ್ ಬೆಳ್ಳಗೆ ಹೆಪ್ಪುಗಟ್ಟಿತು. ಹೆರಿಗೆಯ ನಂತರ ಅದು ಮಾಯವಾಗುತ್ತಿತ್ತು. ಹಾಗಾಗಿ ರೋಗದ ಬೇರು ಬಸಿರಿನಲ್ಲೇ ಇದೆ ಎಂಬ ಸುಳಿವು ಸಿಕ್ಕಿತು. 1896ರಲ್ಲಿ ರೀವಾ-ರೋಚಿಯ ಪಾದರಸದ ಬಿಪಿ ಯಂತ್ರ ಬಂದದ್ದೇ ತಡ, ಮರುವರ್ಷವೇ ಪ್ಯಾರಿಸ್ಸಿನ ವಾಕೆಜ್ ಮತ್ತು ನೊಬೆಕೂರ್ ಎಕ್ಲಾಂಪ್ಸಿಯಾದಲ್ಲಿ ಒತ್ತಡ ಏರುವುದನ್ನು ದಾಖಲಿಸಿದರು. ಈ ರೋಗದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ: ಫಿಟ್ಸ್ ಬರುವ ಮೊದಲೇ ತಾಯಿಯ ಅಪಾಯವನ್ನು ಅರಿಯುವುದು ಸಾಧ್ಯವಾಯಿತು.

ಚಿಕಿತ್ಸೆ ಮಾತ್ರ ಬಹುಕಾಲ ತಡಕಾಡಿತು. ರಷ್ಯಾದ ಸ್ಟ್ರೊಗಾನೊಫ್ ರೋಗಿಯನ್ನು ಸದ್ದಿಲ್ಲದ ಕತ್ತಲೆ ಕೋಣೆಯಲ್ಲಿ ಮಲಗಿಸಿ ಮಾರ್ಫಿನ್ ಕೊಡುತ್ತಿದ್ದ. ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು 1920ರ ದಶಕದಲ್ಲೇ ಅಮೆರಿಕದಲ್ಲಿ ಬಳಕೆಗೆ ಬಂತು. ಅಲ್ಲಿನ ವೈದ್ಯ ಪ್ರಿಚರ್ಡ್ ರೂಪಿಸಿದ ಕ್ರಮದಲ್ಲಿ ಮೊದಲು 4 ಗ್ರಾಂ ರಕ್ತನಾಳಕ್ಕೆ, ಬಳಿಕ ಎರಡೂ ಪಿರ್ರೆಗಳಿಗೆ 5 ಗ್ರಾಂನಂತೆ. ಮುಂದಿನ ಡೋಸಿಗೆ ಮುನ್ನ ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಕಾಲು ಚಿಮ್ಮದಿದ್ದರೆ ಔಷಧ ಮಿತಿಮೀರಿದೆ ಎಂದರ್ಥ, ಡೋಸ್ ತಡೆಯಬೇಕು. ಇಷ್ಟು ಅಗ್ಗದ ಮದ್ದಿಗೆ ಗಟ್ಟಿ ಪುರಾವೆ ಸಿಕ್ಕಿದ್ದು 1995ರಲ್ಲಿ. ಭಾರತದ ತಾಯಂದಿರೂ ಭಾಗವಹಿಸಿದ್ದ ಆ ಅಂತರರಾಷ್ಟ್ರೀಯ ಪ್ರಯೋಗದಲ್ಲಿ, ಫಿಟ್ಸ್ ಮರುಕಳಿಸುವುದು ಡಯಾಜೆಪಾಮ್ ಪಡೆದವರಿಗಿಂತ ಮೆಗ್ನೀಸಿಯಂ ಪಡೆದವರಲ್ಲಿ ಶೇ. 52ರಷ್ಟು ಕಡಿಮೆಯಿತ್ತು. ಅಷ್ಟು ದಶಕಗಳ ವಿಳಂಬ ನೋವಿನ ಸಂಗತಿ.

ಈ ರೋಗದಲ್ಲಿ ಮಾಸಿಗೆ ರಕ್ತ ಒಯ್ಯುವ ಗರ್ಭಕೋಶದ ನಾಳಗಳು ಸರಿಯಾಗಿ ಹಿಗ್ಗದಿರುವುದು ಕಳೆದ ಶತಮಾನದ ಉತ್ತರಾರ್ಧದಲ್ಲಿ ತಿಳಿಯಿತು. ಮಾಸಿನಿಂದ ಅತಿಯಾಗಿ ಹೊರಬೀಳುವ ಎಸ್‌ಫ್ಲಿಟ್-1 ಎಂಬ ಪ್ರೋಟೀನ್ ತಾಯಿಯ ರಕ್ತನಾಳಗಳನ್ನು ಕೆಡಿಸುತ್ತದೆಂದು ಬಾಸ್ಟನ್ನಿನ ಅನಂತ್ ಕರುಮಂಚಿ ತಂಡ 2003ರಲ್ಲಿ ತೋರಿಸಿತು. ಅಪಾಯ ಹೆಚ್ಚಿರುವವರಿಗೆ ವೈದ್ಯರು ಈಗ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ.

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಕ್ಲಿಪ್ ಎಂಬ ಅಧ್ಯಯನ ನಡೆದು, ಆಶಾ ಕಾರ್ಯಕರ್ತೆಯರು ಮತ್ತು ಎಎನ್‌ಎಂಗಳು ಬಸುರಿಯರ ಮನೆಬಾಗಿಲಲ್ಲೇ ಬಿಪಿ ನೋಡಿದರು. 2020ರಲ್ಲಿ ಬಂದ ಫಲಿತಾಂಶದಂತೆ, ಒಟ್ಟಾರೆ ಸಾವು-ನೋವು ಅದರಿಂದ ತಗ್ಗಲಿಲ್ಲ.